ಎರಡು ಬೆರಳು ನೂಲು

ಮಗಳ ಎಡಗಡೆಯ ಜಡೆ ಮುಗಿಸಿ, ಬಲಗಡೆಯ ಕೂದಲನ್ನು ವಾರಿಜಾಕ್ಷಿ ಆಗಷ್ಟೇ ಮೂರು ಪಾಲು ಮಾಡಿದ್ದಳು. ಹವ್ವಮ್ಮನ ಮಗ ಕುಂಞಿ ಮೋನು ಅಂಗಳಕ್ಕೆ ಬಂದು ನಿಂತ. ತಲೆಗೆ ಟೊಪ್ಪಿ ಇತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ.

"ಉಮ್ಮ ಹೋದ್ರು ಅಕ್ಕ. ಚಾ ಕುಡಿದು ಮಲಗಿದವರು ಏಳಲೇ ಇಲ್ಲ. ಮಧ್ಯಾಹ್ನದ ನಮಾಜು ಆಗಿ ದಫನ. ಪುತ್ತೂರಿನ ಡಾಕ್ಟ್ರಿಗೂ ಫೋನು ಮಾಡಿಸಿದ್ದೇನೆ. ಅವರ ನೂಲಿನ ಡಬ್ಬಿ ಉಂಟಲ್ಲ, ಅದನ್ನು ಕೊಟ್ಟುಬಿಡುದು."

ವಾರಿಜಾಕ್ಷಿಯ ಕೈಯಿಂದ ಕೂದಲು ಜಾರಿತು. ಹವ್ವಮ್ಮನಿಗಿಂತ ಮೊದಲು ಆ ಡಬ್ಬಿಯೇ ಮನಸ್ಸಿಗೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

"ಶಾಲೆ ಇಲ್ವಾ ಅಮ್ಮ?" ಎಂದಳು ನಳಿನಿ. ವಯಸ್ಸು ಏಳು. ಒಂದನೇ ಕ್ಲಾಸಿನಲ್ಲಿ ಇದು ಎರಡನೇ ವರ್ಷ.

"ಇಲ್ಲ. ಹವ್ವಮ್ಮ ಅಜ್ಜಿಯನ್ನು ನೋಡಿ ಬರುವ."

*

ಬೆಳ್ಳಾರೆಯ ಸುತ್ತ ಯಾವ ಮನೆಯಲ್ಲಿ ಹೆರಿಗೆಯಾದರೂ ಕೂಸನ್ನು ಮೀಯಿಸಲು ಹವ್ವಮ್ಮನೇ ಬರಬೇಕು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡುವಳು. ಹುಟ್ಟಿದ ಮೇಲೆ ಬಹಳ ಹೊತ್ತು ಅಳದಿದ್ದ ನಳಿನಿಯನ್ನು ಬೆನ್ನುಜ್ಜಿ ಅಳಿಸಿದ್ದೂ ಅವಳೇ.

ಹಸುಗೂಸುಗಳ ತಲೆ ಮೂರು ತಿಂಗಳಿಗೆ ಎಷ್ಟು ಬೆಳೆಯುತ್ತದೆ ಎಂದು ಪುತ್ತೂರಿನ ಡಾಕ್ಟರ್ ಮಹಾಬಲ ಆ ವರ್ಷಗಳಲ್ಲಿ ಬರೆದಿಡುತ್ತಿದ್ದರು. ತಲೆಯ ಸುತ್ತಳತೆ ಏರಿದರೆ ಒಳಗೆ ಮಿದುಳು ಬೆಳೆಯುತ್ತಿದೆ ಎಂದರ್ಥ. ಅವರು ಹವ್ವಮ್ಮನಿಗೆ ಒಂದು ಟೇಪು ಕೊಟ್ಟಿದ್ದರು. ಅವಳಿಗೆ ಅಂಕಿ ಓದಲು ಬಾರದು. ಟೇಪನ್ನು ಮಡಚಿಟ್ಟು, ಮೀಯಿಸಿ ಒರೆಸಿದ ತಲೆಗೆ ಬಿಳಿ ನೂಲು ಸುತ್ತಿ ಕತ್ತರಿಸುತ್ತಿದ್ದಳು. ಒಂದೊಂದು ಮಗುವಿನ ನೂಲಿನ ಕಟ್ಟಿಗೆ ಆ ಮಗುವನ್ನು ಮೊದಲು ಸುತ್ತಿದ ಬಟ್ಟೆಯ ಚೂರು ಗುರುತು. ಡಾಕ್ಟರು ಮೂರು ತಿಂಗಳಿಗೊಮ್ಮೆ ಬಂದು ನೂಲನ್ನು ಅಳೆದು ಬರೆದುಕೊಳ್ಳುವರು.

ನಳಿನಿಗೆ ವರ್ಷ ತುಂಬಿದ ದಿನ ಹವ್ವಮ್ಮ ಹೊಸ ನೂಲನ್ನು ಹಳೆಯದರ ಪಕ್ಕ ಹಿಡಿದಳು.

"ಮೂರು ತಿಂಗಳಿಂದ ಇಷ್ಟೇ ಉಂಟು ವಾರಿಜ."

"ಡಾಕ್ಟ್ರಿಗೆ ತೋರಿಸಬೇಡಿ. ಬರೆದರೆ ಊರಿಗೆಲ್ಲ ಗೊತ್ತಾಗ್ತದೆ. ಇವಳನ್ನು ಮಕ್ಕಳು ಆಟಕ್ಕೆ ಸೇರಿಸ್ಲಿಕ್ಕಿಲ್ಲ."

ಹವ್ವಮ್ಮ ಆಗಲೇ ಒಣಗಿದ್ದ ಮಗುವನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಉಂಡೆಯಿಂದ ಎರಡು ಬೆರಳಗಲ ನೂಲು ಕತ್ತರಿಸಿ ಜೋಡಿಸಿದಳು. ಗಂಟನ್ನು ಬಾಯಲ್ಲಿ ಒದ್ದೆ ಮಾಡಿ ಒತ್ತಿದಳು.

"ನನ್ನ ಕೈಯಲ್ಲಿ ಇಂಥದ್ದು ಮಾಡಿಸಿದೆ ನೋಡು" ಎಂದಳು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಅಳತೆಯ ಕೆಲಸ ಮುಗಿದ ಮೇಲೂ ಈ ದಾರಿಯಾಗಿ ಬಂದಾಗಲೆಲ್ಲ ನಳಿನಿಯ ತಲೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತು ಹೋಗುತ್ತಿದ್ದಳು.

*

ಡಾಕ್ಟರು ಬಸ್ಸಿಳಿದು ಬರುವಾಗ ಗಂಡಸರು ಹವ್ವಮ್ಮನ ಮಯ್ಯತ್ತನ್ನು ಮಸೀದಿಗೆ ಒಯ್ದಾಗಿತ್ತು. ಹವ್ವಮ್ಮನ ಮಗಳು ಆಸ್ಯಮ್ಮ ಜಗಲಿಗೆ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು.

"ಇದನ್ನು ಮುಟ್ಟಲಿಕ್ಕೆ ನಮ್ಮನ್ನು ಬಿಡ್ತಿರಲಿಲ್ಲ ಡಾಕ್ಟ್ರೆ. ಇಷ್ಟು ನೂಲಲ್ಲಿ ಒಂದು ಕೌದಿ ಹೊಲಿಯಬಹುದಿತ್ತು."

ಡಾಕ್ಟರು ನಕ್ಕರು. "ವಿದೇಶದಲ್ಲಿ ಈಗ ದೊಡ್ಡ ಅಯಸ್ಕಾಂತದ ಯಂತ್ರ ಬಂದಿದೆಯಂತೆ. ಕೂಸನ್ನು ಅದರೊಳಗೆ ಮಲಗಿಸಿ ಮಿದುಳಿನ ಚಿತ್ರವನ್ನೇ ತೆಗೀತಾರೆ. ಆದರೆ ಕೂಸು ಅಲುಗಾಡಬಾರದು. ಹಾಲು ಕುಡಿಸಿ, ನಿದ್ದೆ ಬರುವವರೆಗೆ ಕಾಯಬೇಕು."

"ಹಾಗಾದ್ರೆ ಅಲ್ಲಿಗೂ ಉಮ್ಮ ಬೇಕಿತ್ತು. ಅವರು ಮೀಯಿಸಿದ ಮಕ್ಕಳು ಮಧ್ಯಾಹ್ನದವರೆಗೆ ಏಳುದೇ ಇಲ್ಲ." ಆಸ್ಯಮ್ಮ ತಲೆಗೆ ಹೊದ್ದ ತಟ್ಟದ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ವಾರಿಜಾಕ್ಷಿ ಬಾಗಿಲ ಬಳಿ ನಿಂತಿದ್ದಳು. ತೆರೆದ ಡಬ್ಬಿಯಲ್ಲಿ, ನಳಿನಿಯನ್ನು ಮೊದಲು ಸುತ್ತಿದ್ದ ಅವಳ ಹಸಿರು ಸೀರೆಯ ಚೂರು ಮೇಲೆಯೇ ಇತ್ತು. ಡಾಕ್ಟರು ಆ ಕಟ್ಟನ್ನೇ ಎತ್ತಿಕೊಂಡು ಒಂದೊಂದೇ ನೂಲನ್ನು ಮೊಣಕಾಲಿನ ಮೇಲೆ ಹಾಸಿದರು.

"ಇದು ವರ್ಷದ ನೂಲು. ಇದಕ್ಕೆ ಮಾತ್ರ ಗಂಟು ಉಂಟಲ್ಲ?"

"ಉಮ್ಮ ಗಂಟು ಹಾಕುವವರಲ್ಲ" ಎಂದಳು ಆಸ್ಯಮ್ಮ. ದನಿ ಗಟ್ಟಿಯಾಗಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಮಣ್ಣಿಗೆ ಹೋಗುತ್ತಿರುವವಳ ತಲೆಗೆ ಸುಳ್ಳು ಕಟ್ಟಿ ಕಳಿಸುವುದು ವಾರಿಜಾಕ್ಷಿಯಿಂದ ಆಗಲಿಲ್ಲ.

"ನಾನು ಹಾಕಿಸಿದ್ದು" ಎಂದಳು. "ನನ್ನ ಮಗಳ ನೂಲು. ಎರಡು ಬೆರಳು ಸೇರಿಸಿದ್ದು."

ಡಾಕ್ಟರು ಕನ್ನಡಕ ತೆಗೆದರು. "ಆಗಲೇ ಹೇಳಬಾರದಿತ್ತಾ ಅಮ್ಮ?"

"ಹೇಳಿದ್ರೆ ಬೆಳೀತಿತ್ತಾ?"

"ಅದು ಗೊತ್ತಿಲ್ಲ. ಆದರೆ ಕಲಿಸುವ ಕ್ರಮ ಬೇರೆ ಉಂಟು. ಈಗಲೂ ಉಂಟು."

ಮೆಟ್ಟಿಲ ಮೇಲೆ ಕೂತಿದ್ದ ನಳಿನಿ ಎದ್ದು ಬಂದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಹರಡಿದ ಕೂದಲು. ಡಾಕ್ಟರ ಮೊಣಕಾಲಿನಿಂದ ಗಂಟಿನ ನೂಲನ್ನು ಎತ್ತಿಕೊಂಡು, ಹವ್ವಮ್ಮ ಸುತ್ತುತ್ತಿದ್ದಂತೆಯೇ ಹಿಂದಿನಿಂದ ತಂದು ಹಣೆಯ ಮೇಲೆ ಕೂಡಿಸಿದಳು. ಎರಡು ತುದಿಗಳೂ ಒಂದಕ್ಕೊಂದು ಸರಿಯಾಗಿ ತಾಗಿದವು.

ಅವನ್ನು ಹಾಗೆಯೇ ಎರಡು ಕೈಯಲ್ಲಿ ಹಿಡಿದುಕೊಂಡು ಅವಳು ತಾಯಿಯ ಕಡೆ ತಿರುಗಿದಳು.

"ಅಮ್ಮ, ನನ್ನ ತಲೆ ಬೆಳೀಲೇ ಇಲ್ವಾ?"