ಕೋಟಕ್ಕ ಕೋಟು ಬಿಚ್ಚಿದ್ದು

ಏನೇ ಕೇಳಿ, ಕೋಟಕ್ಕನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ‘ಆಗಲ್ಲ’. ಕೇಳಿದ್ದು ಏನೆಂಬುದು ಆಮೇಲಿನ ವಿಚಾರ. ಕುದುರೆ ಸವಾರಿ ಕಲಿಸುವ ಆ ಶಾಲೆಯ ಲಾಯದಲ್ಲಿ ಯಾರಾದರೂ ಟೀ ಕುಡೀತೀರಾ ಅಕ್ಕಾ ಎಂದರೂ ಆಗಲ್ಲ, ತುಸು ಪಕ್ಕಕ್ಕೆ ಬನ್ನಿ ಎಂದರೂ ಆಗಲ್ಲ. ಹಾಗೆಂದು ತನ್ನ ಸ್ವಾತಂತ್ರ್ಯ ಇದ್ದಲ್ಲೇ ಇದೆಯೆಂದು ಖಚಿತಪಡಿಸಿಕೊಂಡ ಮೇಲೆ ಟೀಯನ್ನೂ ಕುಡಿಯುತ್ತಿದ್ದಳು, ಪಕ್ಕಕ್ಕೂ ಸರಿಯುತ್ತಿದ್ದಳು. ಎಂದೋ ಕುದುರೆಯೊಂದು ತುಳಿದಿದ್ದ ಎಡಪಾದವನ್ನು ಹೊರಕ್ಕೆ ಚಾಚಿ, ಎದೆ ಮುಂದೆ ಮಾಡಿ ಅವಳು ನಡೆದು ಬರುತ್ತಿದ್ದರೆ ಜಗಳಕ್ಕೇ ಬರುತ್ತಿದ್ದಾಳೆಂದು ಹೊಸಬರು ದಾರಿ ಬಿಡುತ್ತಿದ್ದರು. ಹಳಬರೂ ಬಿಡುತ್ತಿದ್ದರು ಅನ್ನಿ.

ಇನ್ನು ಆ ಕೋಟು. ಮೊಣಕಾಲಿನವರೆಗೆ ಇಳಿಬಿದ್ದ, ಕಂದು ಬಣ್ಣದ, ಗಂಡಸರ ಉಣ್ಣೆ ಕೋಟು. ಅದೇ ಲಾಯದಲ್ಲಿ ದುಡಿದು ತೀರಿಕೊಂಡ ಅಪ್ಪನದು. ಅಪ್ಪನ ಜಾಗಕ್ಕೆ ನನ್ನನ್ನು ತಗೊಳ್ಳಿ ಎಂದು ಅವಳು ಹೋಗಿ ನಿಂತಾಗ ಅಂದಿನ ಮ್ಯಾನೇಜರು ‘ಇದು ಗಂಡಸ್ರ ಕೆಲಸ ಕಣಮ್ಮ’ ಎಂದಿದ್ದರಂತೆ. ಅವಳು ಗೂಟದಲ್ಲಿ ತೂಗುತ್ತಿದ್ದ ಅಪ್ಪನ ಕೋಟನ್ನು ತೊಟ್ಟು, ಸಲಿಕೆ ಎತ್ತಿಕೊಂಡು ಲದ್ದಿ ಬಾಚತೊಡಗಿದಳು. ಅಂದು ತೊಟ್ಟದ್ದನ್ನು ಯಾರು ಹೇಳಿದರೂ ಬಿಚ್ಚಿದವಳಲ್ಲ. ಬಿಸಿಲಿಗೆ ಬೆವರು ಧಾರಾಕಾರವಾಗಿ ಇಳಿದರೂ ಬಿಚ್ಚಲಿಲ್ಲ. ತಂಗಿಯ ಮದುವೆಯಲ್ಲಿ ತಂಗಿಯೇ ಕೈಮುಗಿದರೂ ಬಿಚ್ಚಲಿಲ್ಲ, ಮದುಮಗಳ ಪಕ್ಕದಲ್ಲಿ ಆ ಕೋಟು ಇಂದಿಗೂ ಫೋಟೋದಲ್ಲಿ ವಿರಾಜಮಾನವಾಗಿದೆ. ಈಗಿನ ಮ್ಯಾನೇಜರು ಎಲ್ಲರಿಗೂ ಹೊಲಿಸಿದ ನೀಲಿ ಅಂಗಿಗಳಲ್ಲಿ ಅವಳ ಪಾಲಿನದು ಆಫೀಸಿನ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು. ಕೋಟಿನ ಜೇಬೇ ಅವಳ ಉಗ್ರಾಣ, ಕೋಟಿನ ಅಂಚೇ ಅವಳ ಕೈವಸ್ತ್ರ.

ಇಂಥವಳಿಗೆ ಗಂಟುಬಿದ್ದದ್ದು ಇಂಥದೇ ಒಂದು ಕುದುರೆ. ಬೂದು ಬಣ್ಣದ ಆ ಮುದಿ ಪ್ರಾಣಿಯನ್ನು ಲಾಯದವರೆಲ್ಲ ‘ಅಳಿಯ’ ಎಂದೇ ಕರೆಯುತ್ತಿದ್ದರು. ಮಾವನ ಮನೆಗೆ ಮೊದಲ ಸಲ ಊಟಕ್ಕೆ ಬಂದ ಅಳಿಯನ ಸಕಲ ಬಿಂಕವೂ ಅದಕ್ಕಿತ್ತು. ಒಣಹುಲ್ಲಿನಲ್ಲಿ ತೇವದ ವಾಸನೆ ಕಂಡರೆ ಮುಟ್ಟದು, ಬಕೆಟ್ ಬದಲಾದರೆ ಮೂತಿ ತಿರುವಿ ನಿಲ್ಲುವುದು. ‘ಅಳಿಯಂದ್ರೇ, ಊಟಕ್ಕೆ ಏಳ್ತೀರೋ, ಇಲ್ಲಾ ಮಾವನ್ನೇ ಕರೆಸ್ಬೇಕೋ?’ ಎಂದು ಗದರುತ್ತ, ಎರಡೂ ಕೈಯಲ್ಲಿ ಬೂಸಾ ಕಲಸಿ ಇಕ್ಕುತ್ತಿದ್ದಳು ಕೋಟಕ್ಕ. ಬೇರೆಯವರು ಅದನ್ನು ಬೈದರೆ ಮಾತ್ರ ಸಹಿಸುತ್ತಿರಲಿಲ್ಲ.

ಆ ಅಳಿಯ ಇದ್ದಕ್ಕಿದ್ದಂತೆ ಸೊರಗತೊಡಗಿತು. ತಿನ್ನುತ್ತ ತಿನ್ನುತ್ತ ನಿಲ್ಲಿಸಿ ಹಲ್ಲು ಕಡಿಯುವುದು, ಕತ್ತು ಹೊರಳಿಸಿ ತನ್ನ ಹೊಟ್ಟೆಯನ್ನೇ ಮಿಕಿಮಿಕಿ ನೋಡುವುದು. ಪಕ್ಕೆಲುಬು ಎದ್ದು ಕಾಣತೊಡಗಿತು. ಕುದುರೆಗಳನ್ನು ನೋಡಲು ಬರುವ ಡಾಕ್ಟರಮ್ಮ ಪರೀಕ್ಷೆ ಮಾಡಿ, ‘ಹೊಟ್ಟೇಲಿ ಹುಣ್ಣಾಗಿದೆ. ದಿನಾ ಈ ಪುಡಿ ಮೇವಿನ ಜೊತೆ ಹೋಗ್ಬೇಕು. ಬಾಯಿಗೆ ತುರುಕಬೇಡಿ, ಹೆದರಿದ್ರೆ ಹುಣ್ಣು ಇನ್ನೂ ಕೆರಳುತ್ತೆ. ಮೊದಲು ಒಂದು ಚಿಟಿಕೆ ಹಾಕಿ ರೂಢಿ ಮಾಡ್ಸಿ’ ಎಂದರು.

‘ಆಗಲ್ಲ’ ಎಂದಳು ಕೋಟಕ್ಕ. ಚಿಟಿಕೆಗಿಟಿಕೆಯ ಪುರಾಣವೆಲ್ಲ ಅವಳಿಗೆ ಒಗ್ಗದು. ಬೇಗ ವಾಸಿಯಾಗಲೆಂದು ಮೊದಲ ಹೊತ್ತಿಗೇ ಪೂರ್ತಿ ಪುಡಿ ಸುರಿದಳು.

ಅಳಿಯ ಒಮ್ಮೆ ಮೂಸಿ, ಮೇಲ್ದುಟಿಯನ್ನು ಮೂಗಿನ ಮೇಲಕ್ಕೆ ಮಡಚಿ, ಬಕೆಟ್ಟನ್ನು ಒದ್ದು ಉರುಳಿಸಿತು. ಕ್ಯಾರೆಟ್ ತುರಿದು ಬೆರೆಸಿದರೆ ತುರಿಯನ್ನಷ್ಟೇ ಆರಿಸಿ ತಿಂದು ಪುಡಿಯನ್ನು ತಳದಲ್ಲಿ ಬಿಟ್ಟಿತು. ಸೇಬಿನ ತಿರುಳು ಕೊರೆದು ಒಳಗೆ ಔಷಧಿ ಅಡಗಿಸಿ ಕೊಟ್ಟಾಗ ನಂಬಿ ಕಚ್ಚಿತು. ಮರುಕ್ಷಣ ಅಷ್ಟನ್ನೂ ಅವಳ ಕೋಟಿನ ಎದೆಯ ಮೇಲೆ ಉಗಿಯಿತು. ಅವಳು ತೋಳಿನಿಂದ ಒರೆಸಿಕೊಂಡು, ಜೇಬಿನಿಂದ ಇನ್ನೊಂದು ಪೊಟ್ಟಣ ತೆಗೆದಳು. ಕಡೆಗೆ ಔಷಧಿಯಿಲ್ಲದ ಬರೀ ಬೂಸಾ ಚಾಚಿದರೂ ಅದು ಅವಳ ಕೈಗೆ ಬೆನ್ನು ತಿರುಗಿಸಿತು.

ಮ್ಯಾನೇಜರು ಬಂದು ನಿಂತರು. ಕೆಟ್ಟವರೇನಲ್ಲ, ಪ್ರಾಣಿ ನರಳುವುದನ್ನು ನೋಡಲಾರದವರು. ‘ನೋಡಮ್ಮಾ, ಡಾಕ್ಟರಮ್ಮ ಮತ್ತೆ ಬರೋಷ್ಟರಲ್ಲಿ ಇದು ಔಷಧಿ ತಿಂದ್ರೆ ಸರಿ. ಇಲ್ಲಾಂದ್ರೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡೋಣ. ಪಾಪ, ಯಾಕೆ ಸಂಕಟ ಕೊಡೋದು?’

‘ಆಗಲ್ಲ ಸಾರ್.’

‘ನೀನು ಆಗಲ್ಲ ಅಂದ್ರೆ ಆಯ್ತಾ? ಅದೂ ಆಗಲ್ಲ ಅಂತಿದೆಯಲ್ಲ.’

ಈ ಮಾತು ಅವಳಿಗೆ ಚುಚ್ಚಿತು. ಅಲ್ಲಿಯವರೆಗೆ ಅವಳ ‘ಆಗಲ್ಲ’ಕ್ಕೆ ಎದುರಾಗಿ ನಿಂತವರನ್ನೆಲ್ಲ ಅವಳು ಗೆದ್ದಿದ್ದಳು, ಈ ಸಲ ಗೆದ್ದುಬಿಡುವುದು ಕುದುರೆಯೇ, ಗೆದ್ದರೆ ಸಾಯುವುದೂ ಅದೇ. ಅವಳಿಗೆ ಹೆದರಿಕೆಯಾಯಿತು, ಹೆದರಿಕೆಯಾದ್ದರಿಂದ ವಿಪರೀತ ಸಿಟ್ಟೂ ಬಂತು.

ಅದೇ ಹೊತ್ತಿಗೆ ಲಾಳ ಕಟ್ಟುವವನು ಬಂದ. ಗೊರಸು ಕೆರೆಯುವ ಮುನ್ನ ಪುಸಲಾಯಿಸಲೆಂದು ಚೀಲದಿಂದ ಒಂದು ಹಿಡಿ ಬೂಸಾ ತೆಗೆದು ಅಂಗೈಲಿ ಹಿಡಿದ. ಅಳಿಯ ಲೊಚಲೊಚನೆ ತಿಂದಿತು! ಕೋಟಕ್ಕನ ಮೈಯೆಲ್ಲ ಉರಿದುಹೋಯಿತು. ‘ಲೇ, ಇಷ್ಟು ವರ್ಷ ಸಾಕಿದ್ದು ನಾನು ಕಣೋ!’ ಎಂದು ಅವಳು ಮುಂದೆ ಬಂದದ್ದೇ ತಡ, ಕುದುರೆ ಬಾಯಲ್ಲಿದ್ದದ್ದನ್ನೂ ಉದುರಿಸಿ ಹಿಂದಕ್ಕೆ ಸರಿಯಿತು.

ಲಾಳದವನು ಮೂಗು ಮುಚ್ಚಿಕೊಂಡು ನಕ್ಕ. ‘ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪಕ್ಕ ನಿಂತ್ರೆ ಔಷಧಿ ಅಂಗಡೀಲಿ ನಿಂತ ಹಾಗಾಗುತ್ತೆ.’

ಅವಳು ಅವನಿಗೆ ಸರಿಯಾಗಿ ನಾಲ್ಕು ಬೈದಳು. ಬೈದು, ಹುಲ್ಲಿನ ಕೋಣೆಯ ಮರೆಗೆ ಹೋಗಿ ಕೋಟಿನ ತೋಳನ್ನು ಮೂಗಿಗೆ ಹಿಡಿದಳು. ಅಂಚನ್ನು, ಜೇಬನ್ನು, ಕುದುರೆ ಉಗಿದ ಎದೆಯನ್ನು ಮೂಸಿದಳು. ಪುಡಿ ಕಲಸಿದ ಕೈಯನ್ನು ಹೊತ್ತುಹೊತ್ತಿಗೂ ಒರೆಸಿದ್ದು ಆ ಕೋಟಿಗೇ. ಪಾಪದ ಪ್ರಾಣಿ ಹೆದರಿದ್ದು ಬೂಸಾಕ್ಕಲ್ಲ, ಹತ್ತಿರ ಬಂದಾಗಲೆಲ್ಲ ಮೋಸದ ವಾಸನೆ ಹೊತ್ತು ತರುತ್ತಿದ್ದ ಅವಳಿಗೆ.

ಆಮೇಲೆ ಹಾಡುಹಗಲಲ್ಲಿ, ಎಲ್ಲರೂ ನೋಡುತ್ತಿರುವಂತೆಯೇ, ಅಂಗಳದ ನಡುವೆ ನಿಂತು ಒಂದೊಂದೇ ಗುಂಡಿ ಬಿಚ್ಚಿದಳು. ಕೋಟಿನೊಳಗಿದ್ದ ಹೆಂಗಸು ಇಷ್ಟು ಸಣಕಲೆಂದು ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರು ಮುಖ ಅರಳಿಸಿಕೊಂಡು, ಕಪಾಟಿನಿಂದ ನೀಲಿ ಅಂಗಿ ತಂದು ನೀಡಿದರು. ‘ಅಂತೂ ಬಿಟ್ಯಲ್ಲಮ್ಮ! ತಗೋ, ಹಾಕ್ಕೋ.’

‘ಆಗಲ್ಲ. ನಾನು ಬಿಚ್ಚಿದ್ದು ನಿಮಗಾಗಿ ಅಲ್ಲ’ ಎಂದವಳೇ ಸೀದಾ ಆಫೀಸಿಗೆ ನುಗ್ಗಿ, ಮ್ಯಾನೇಜರ ಕುರ್ಚಿಯ ಹಿಂದಿನ ಗೂಟಕ್ಕೆ ಕೋಟನ್ನು ನೇತುಹಾಕಿದಳು. ‘ಇದರ ವಾಸನೆ ಅಳಿಯನಿಗೆ ಆಗಲ್ಲ ಸಾರ್. ನಿಮಗೆ ಆಗುತ್ತೆ. ಅವನು ಹುಷಾರಾಗೋವರ್ಗೂ ಇಲ್ಲೇ ಇರ್ಲಿ.’

ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಒದ್ದೆ ಬೂಸಾಕ್ಕೆ ಕ್ಯಾರೆಟ್ ತುರಿ ಬೆರೆಸಿ, ಡಾಕ್ಟರಮ್ಮ ಹೇಳಿದ್ದಂತೆಯೇ ಒಂದೇ ಒಂದು ಚಿಟಿಕೆ ಪುಡಿಯನ್ನು ಸೌಟಿನಿಂದ ಕಲಸಿ, ನೆಲದ ಮೇಲೆ ಮಂಡಿಯೂರಿ ಬಕೆಟ್ ಮುಂದಿಟ್ಟಳು. ಅಳಿಯ ಮೊದಲು ಅವಳ ಬರಿತೋಳನ್ನು ಮೂಸಿತು, ಕತ್ತನ್ನು ಮೂಸಿತು, ಬಹಳ ಹೊತ್ತು ವಿಚಾರ ಮಾಡಿತು. ‘ತಿನ್ನಪ್ಪಾ. ನಿನ್ನ ದಮ್ಮಯ್ಯ’ ಎಂದಳು ಅವಳು. ಆ ಬಾಯಲ್ಲಿ ಯಾರೂ ಅಂಥ ಮಾತು ಕೇಳಿರಲಿಲ್ಲ. ಅಳಿಯ ಬಕೆಟ್ಟಿಗೆ ಮೂತಿ ಇಳಿಸಿತು. ಅವಳು ಅಳುತ್ತಿದ್ದುದನ್ನು ಕಂಡವರು ಕಾಣದಂತೆ ಅತ್ತ ತಿರುಗಿದರು.

ಚಿಟಿಕೆ ಬೆಳೆದು ಚಮಚವಾಯಿತು. ಡಾಕ್ಟರಮ್ಮ ಮತ್ತೆ ಬಂದಾಗ ಇಂಜೆಕ್ಷನ್ನಿನ ಮಾತು ಏಳಲಿಲ್ಲ. ಮ್ಯಾನೇಜರು ಮಾತ್ರ ಆ ಚಿಕಿತ್ಸೆ ಮುಗಿಯುವವರೆಗೂ ಕಿಟಕಿ ತೆರೆದಿಟ್ಟುಕೊಂಡೇ ಕೆಲಸ ಮಾಡಿದರು. ಕೋಟನ್ನು ಗೂಟದಿಂದ ತೆಗೆಸುವ ಧೈರ್ಯ ಅವರಿಗೆ ಬರಲಿಲ್ಲ.

ಇಂಥವರನ್ನು ಬಗ್ಗಿಸಹೋಗಿ ಸೋತವರು ಇವರಿಗೆ ಬಾಗುವುದೇ ತಿಳಿಯದೆಂದು ದೂರುತ್ತಾರೆ. ತಿಳಿಯದೆ ಏನು? ಅಪ್ಪಣೆ ಕೊಡುವವರ ಮುಂದೆ ಸೆಟೆದು ನಿಲ್ಲುವ ಆ ಬೆನ್ನು, ಬಾಯಿಬಿಟ್ಟು ಹೇಳಲಾರದ ಜೀವವೊಂದು ಬೇಡವೆಂದು ಮುಖ ತಿರುಗಿಸಿದಾಗ, ತಪ್ಪು ತನ್ನದಿರಬಹುದೆಂದು ನೆಲದವರೆಗೂ ಬಾಗುತ್ತದೆ. ಲೋಕಕ್ಕೆ ಇವರು ತಲೆನೋವು, ನಿಜ. ಆದರೆ ಇವರ ‘ಆಗಲ್ಲ’ದ ನೆರಳಿನಲ್ಲಿ ಎಷ್ಟು ಜೀವಗಳು ಇನ್ನೂ ಮೇವು ತಿನ್ನುತ್ತಿವೆಯೋ, ಬಲ್ಲವರು ಯಾರು?