ತೊಟ್ಟಿನ ಗಿಣ್ಣು

ಕಾಡು ಟೊಮೆಟೊವಿಗೂ ನಾಡ ಟೊಮೆಟೊವಿಗೂ ಸಂಬಂಧ ಕುದುರಿಸುವುದರಲ್ಲಿ ಅಜ್ಜಿ ತಮ್ಮ ಹರೆಯವನ್ನೇ ಸವೆಸಿದ್ದರು. ಕಾಡಿನದಕ್ಕೆ ಸೊರಗು ರೋಗ ಲೆಕ್ಕಕ್ಕೇ ಇಲ್ಲ. ನಾಡಿನದು ಆ ರೋಗದ ಗಾಳಿ ಸೋಕಿದರೇ ತಲೆ ಬಾಗಿಸುತ್ತಿತ್ತು. ಪರಾಗ ಮುಟ್ಟಿಸಿದರೆ ಕಾಯಿ ಕಟ್ಟುತ್ತಿತ್ತು, ಬಲಿಯುವ ಮೊದಲೇ ಉದುರುತ್ತಿತ್ತು. ಕೊನೆಗೊಂದು ವರ್ಷ ಅವರು ಹಸಿಕಾಯಿಯನ್ನೇ ಕೊಯ್ದು, ಎಳೆಬೀಜದೊಳಗಿನ ಭ್ರೂಣವನ್ನು ಸೂಜಿಮೊನೆಯಿಂದ ಬಿಡಿಸಿ, ಗಾಜಿನ ನಳಿಕೆಯಲ್ಲಿ ಸಾಕಿ ಗಿಡ ಮಾಡಿದರು. ಅದರ ಸಂತತಿ ಇಂದಿಗೂ ಹೊಲಗಳಲ್ಲಿದೆ. ಮನೆಯಲ್ಲಿ ಮಾತ್ರ ಆ ಸಾಧನೆಗೆ ‘ಹಸಿಕಾಯಿ ಪುರಾಣ’ ಎಂದು ಹೆಸರು. ಅಜ್ಜಿ ಗಂಟಲು ಸರಿಮಾಡಿಕೊಂಡರೆ ಸಾಕು, ಮಗನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು.

ಈಗ ಮೊಮ್ಮಗಳದೂ ಅದೇ ಕಸುಬು. ಅವಳ ಹಸಿರುಮನೆಯಲ್ಲಿ ಕಿಟಕಿಗಳು ತಾವಾಗಿಯೇ ತೆರೆಯುತ್ತವೆ, ನೀರಿನ ತುಂತುರು ಹೊತ್ತಿಗೆ ಸರಿಯಾಗಿ ಬೀಳುತ್ತದೆ. ಆದರೆ ರೋಗವೂ ಕಾಲಕ್ಕೆ ತಕ್ಕಂತೆ ವೇಷ ಬದಲಿಸಿತ್ತು. ಅವಳು ಹೊಸ ಕಾಡುತಳಿಯೊಂದನ್ನು ತಂದು ಸಂಕರ ಮಾಡಿದ್ದಳು. ಕೊಯ್ದ ಕಾಯಿಗಳಲ್ಲೆಲ್ಲ ಭ್ರೂಣ ಸತ್ತಿತ್ತು. ಗಿಡದಲ್ಲಿ ಉಳಿದದ್ದು ಒಂದೇ ಕಾಯಿ. ಪರಾಗ ಕೊಟ್ಟ ಕಾಡುಗಿಡ ಆಗಲೇ ಒಣಗಿಹೋಗಿತ್ತು.

“ಪರಾಗ ಮುಟ್ಟಿಸಿದ ದಿನದಿಂದ ಎಣಿಸಿ, ತಾರೀಕು ನೋಡಿಯೇ ಕೊಯ್ದೆ ಅಜ್ಜಿ.”

“ತಾರೀಕು ನೋಡೋಕೆ ಅದೇನು ಹಾಲಿನ ಪ್ಯಾಕೆಟ್ಟಾ?” ಅಜ್ಜಿ ಕುರ್ಚಿ ಎಳೆದುಕೊಂಡು ಕುಳಿತರು. “ನಮ್ಮ ಕಾಲದಲ್ಲಿ...”

“ಶುರುವಾಯ್ತು ಪುರಾಣ! ದಮ್ಮಯ್ಯ, ಇವತ್ತು ಬೇಡ. ಈ ಕಾಯಿ ಹೋದ್ರೆ ನನ್ನ ಕತೆಯೇ ಮುಗೀತು.”

“ಬೇಡ ಅಂದ್ರೆ ಬಿಡು. ನಿಮ್ಮಪ್ಪನೂ ಅಷ್ಟೇ, ಗಿಣ್ಣಿನ ತನಕ ಕೂತು ಕೇಳಿದವನೇ ಅಲ್ಲ.”

“ಯಾವ ಗಿಣ್ಣು?”

“ತೊಟ್ಟಿನ ನಡುವೆ ಗಂಟು ಇರುತ್ತಲ್ಲ, ಕಾಯಿ ಕಳಚಿಕೊಳ್ಳೋ ಜಾಗ. ಗಿಡ ಕಾಯಿಯ ಕೈ ಬಿಡೋಕೆ ಮೊದಲು ಅಲ್ಲಿ ಬಣ್ಣ ಕಳೆಯುತ್ತೆ. ಅದು ಬಿಳಿಚಿಕೊಂಡಿದ್ದೇ ತಡ, ಕತ್ತರಿ ಹಾಕ್ದೆ. ಆಮೇಲೂ ಕಾದ್ರೆ ಒಳಗಿರೋದು ಉಪವಾಸ ಬಿದ್ದು ಸಾಯುತ್ತೆ.”

ಮೊಮ್ಮಗಳು ಬಗ್ಗಿ ಕೊನೆಯ ಕಾಯಿಯ ತೊಟ್ಟನ್ನು ಬೆಳಕಿಗೆ ತಿರುಗಿಸಿದಳು. ಗಂಟಿನ ಸುತ್ತ ಉಗುರಿನಂಚಿನಷ್ಟು ಹಸಿರು ಮಾಸಿತ್ತು. ಅವಳು ಗೊತ್ತುಮಾಡಿದ್ದ ತಾರೀಕಿಗೆ ಇನ್ನೂ ವಾರವಿತ್ತು. ಹಸಿರುಮನೆಯ ಬೆಚ್ಚನೆಯ ಹವೆಯಲ್ಲಿ ಕಾಯಿ ತಾರೀಕಿಗಿಂತ ಮುಂದೆ ಓಡಿತ್ತು. ಅವಳು ಕತ್ತರಿ ಹಾಕಿದಳು.

ಸೂಜಿಮೊನೆಗೆ ಭ್ರೂಣ ಹಾಲಿನಂತೆ ಬೆಳ್ಳಗೆ ಎದ್ದು ಬಂತು. ಹಿಂದಿನವೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಅದನ್ನು ನಳಿಕೆಗೆ ಇಳಿಸಿ, ಬಾಯಿಗೆ ಹತ್ತಿ ತುರುಕಿ, ಅವಳು ಅಜ್ಜಿಯ ಕುರ್ಚಿಯ ಬಳಿ ನೆಲದ ಮೇಲೆಯೇ ಕುಳಿತಳು.

“ಅಜ್ಜಿ, ನಳಿಕೆಯಿಂದ ಮಣ್ಣಿಗೆ ಹೇಗೆ ತಂದೆ? ಉಹೂಂ, ಮೊದಲಿಂದಲೇ ಹೇಳು ಇನ್ನೊಂದ್ಸಲ. ಏನೂ ಬಿಡಬೇಡ.”