ತೊಳೆದ ಶಿವರಾಯಿಗಳು

ಶ್ರೀಪತಿ ಭೋಯಿಟೆಯ ಹೆಸರು ಮೊಬೈಲಿನ ಮೇಲೆ ಮೂಡಿದಾಗ ಬಾಪೂರಾವನ ಕೈಯಲ್ಲಿದ್ದ ಚಹಾ ಬಶಿಗೆ ತುಳುಕಿತು. ಶ್ರೀಪತಿ ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು.

ಅವನ ಫೋನಿನಿಂದ ಅವನ ಹೆಂಡತಿ ಶೆವಂತಾ ಬರೆದಿದ್ದಳು: "ಇವರ ಶಿವರಾಯಿ ನಾಣ್ಯ ಮಾರೂದೈತಿ. ಸಾವಿರದ ಮ್ಯಾಲೆ ಅದಾವ. ಎಷ್ಟು ಬೆಲಿ ಬರತೈತಿ, ತಿಳದವರು ಹೇಳ್ರಿ." ಕೆಳಗೊಂದು ಚಿತ್ರ. ಹಿತ್ತಾಳೆಯ ಪರಾತದಲ್ಲಿ ರಾಶಿ ಬಿದ್ದ ಮರಾಠರ ಕಾಲದ ತಾಮ್ರದ ನಾಣ್ಯಗಳು, ಹುರಿದು ಹೊತ್ತಿಸಿದ ಶೇಂಗಾದಂತೆ ಕಪ್ಪಗೆ ಕಾಣುತ್ತಿದ್ದವು.

ಬಾಪೂರಾವ್ ಅದನ್ನು ಎರಡು ಸಲ ಓದಿದ. 'ಶಿವರಾಯಿ ಮಿತ್ರ ಮಂಡಳ' ಎಂಬ ಆ ಮೊಬೈಲ್ ಗುಂಪಿನ ನಾನೂರು ಚಿಲ್ಲರೆ ನಾಣ್ಯ ಸಂಗ್ರಾಹಕರಿಗೆ ಅವನೇ ಯಜಮಾನ. ಅದರ ಮೂರನೆಯ ನಿಯಮ ಬರೆದವನೂ ಅವನೇ: ಕೊಳ್ಳುವ ಮಾತಿಲ್ಲ, ಮಾರುವ ಮಾತಿಲ್ಲ, ಬೆಲೆ ಕೇಳುವಂತಿಲ್ಲ. ಹಿಂದಿನ ವಾರವಷ್ಟೇ ಸಾಂಗಲಿಯ ಒಬ್ಬ ದೊಡ್ಡ ಡಾಕ್ಟರರ ಸಂದೇಶ ತೆಗೆದುಹಾಕಿ ಬೈಸಿಕೊಂಡಿದ್ದ. ಈಗ ಗೆಳೆಯನ ಹೆಂಡತಿಯದನ್ನು ಉಳಿಸಿಕೊಂಡರೆ ಆ ಡಾಕ್ಟರರು ಸುಮ್ಮನಿರುವವರಲ್ಲ. ಹೆಬ್ಬೆರಳು ಒತ್ತಿದ. ಸಂದೇಶ ಹೋಯಿತು. ಆ ಜಾಗದಲ್ಲಿ, ಗುಂಪಿನ ಯಜಮಾನ ಬಾಪೂರಾವ್ ಇದನ್ನು ಅಳಿಸಿದ್ದಾನೆ ಎಂಬ ಒಂದು ಸಾಲು ಉಳಿಯಿತು. ನಾಳೆ ಶ್ರೀಪತಿಯ ಊರು ವಾಯಿಗೆ ಹೋಗಿ ಶೆವಂತಾ ವಹಿನಿಗೆ ಎದುರಿಗೇ ತಿಳಿಸಿ ಹೇಳಿದರಾಯಿತು ಎಂದುಕೊಂಡ.

ಆ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಎಂಟು ವರ್ಷದ ಹಿಂದೆ ಗುಂಪಿನಲ್ಲೇ ಒಬ್ಬ, ಅಚ್ಚಿಗೆ ಎರಕ ಹೊಯ್ದ ನಕಲಿ ನಾಣ್ಯವನ್ನು ಒಬ್ಬ ನಿವೃತ್ತ ಮಾಸ್ತರರಿಗೆ ಮಾರಿದ್ದ. ಮಾಸ್ತರರು ಅದನ್ನು ಎಲ್ಲರಿಗೂ ಹೆಮ್ಮೆಯಿಂದ ತೋರಿಸಿದ ದಿನ ಹತ್ತು ಜನ ನಕ್ಕರು. ಅವರು ಅಂದೇ ಗುಂಪು ಬಿಟ್ಟರು. ಇದ್ದಬದ್ದ ನಾಣ್ಯವನ್ನೆಲ್ಲ ಗುಡಿಯ ಹುಂಡಿಗೆ ಹಾಕಿದರಂತೆ. ಅಂದಿನಿಂದ ಮೂರನೆಯ ನಿಯಮ.

ಒಪ್ಪದವನು ಶ್ರೀಪತಿ ಒಬ್ಬನೇ. ವಾಯಿಯ ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಜಗಳಕ್ಕೆ ಬೀಳುತ್ತಿದ್ದ.

"ನೀ ಮೂವತ್ತ ವರ್ಷ ಸಾತಾರಾ ಬಸ್ ಸ್ಟ್ಯಾಂಡಿನ್ಯಾಗ ಮೈಕ್ ಹಿಡದಾಂವ. ಬಾಯಿ ಬಿಟ್ರ ಸೂಚನಾನ ಬರತಾವ."

"ಮತ್ತ ಆ ಮಾಸ್ತರರ ಗತಿ ಯಾರಿಗೂ ಆಗಬಾರದಲ್ಲೋ?"

"ಒಬ್ಬಾಂವ ಹಾಲಿಗೆ ನೀರ ಹಾಕಿದಾ ಅಂತ ಊರಾಗಿನ ಎಮ್ಮಿ ಎಲ್ಲಾ ಹೊಡದ ಓಡಸ್ತೀಯೇನು? ಮಾರಾಕ ಬರಲಾರದ ವಸ್ತುನ ಪೂಜಿ ಮಾಡಬೇಕು, ಇಲ್ಲಾ ತಿಪ್ಪಿಗೆ ಒಗೀಬೇಕು. ನಾಳೆ ನಾ ಸತ್ರ ಇದೆಲ್ಲಾ ಶೆವಂತಾನ ಪಿಂಚಣಿ. ಆಕಿ ಯಾರನ್ನ ಕೇಳಬೇಕು?"

"ನನ್ನ ಕೇಳ್ತಾಳ, ಬಿಡು."

"ನೀ ಮೊದಲು ಆಕಿಗೆ ನಿಯಮ ಓದ್ತೀ, ಮಗನ," ಎಂದು ಶ್ರೀಪತಿ ನಗುತ್ತಿದ್ದ.

ನಾಳೆ ಎಂದದ್ದು ಹದಿನೈದು ದಿನವಾಯಿತು. ಮೊದಲು ಮಳೆ, ಆಮೇಲೆ ಮೊಣಕಾಲು. ನಿಜ ಹೇಳಬೇಕೆಂದರೆ ಶ್ರೀಪತಿ ಇಲ್ಲದ ಆ ಮನೆಯ ಹೊಸ್ತಿಲು ದಾಟಲು ಅವನಿಗೆ ಧೈರ್ಯವಿರಲಿಲ್ಲ. ಕೊನೆಗೆ ಒಂದು ಶುಕ್ರವಾರ ಊಟ ಮುಗಿಸಿ ಎಸ್‌ಟಿ ಬಸ್ಸು ಹತ್ತಿದ.

ಶೆವಂತಾ ಹಿತ್ತಲಲ್ಲಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು ಏನೋ ತಿಕ್ಕುತ್ತಿದ್ದಳು. ಬಾಪೂರಾವನನ್ನು ಕಂಡು ಮುಂಗೈಯಿಂದ ಕೂದಲು ಸರಿಸಿಕೊಂಡಳು.

"ಬರ್ರಿ ಭಾವೋಜಿ. ಬಾಗಿಲ ಬಡಿದಿದ್ರೇನು? ನನಗ ಕೇಳಲಿಲ್ಲ. ಕೂಡ್ರಿ, ಇದೊಂದ ಪಾಳಿ ಮುಗಿಸಿಬಿಡ್ತೀನಿ. ಚೊಲೋ ದಿವಸ ಬಂದ್ರಿ ನೋಡ್ರಿ, ಇವತ್ತಿಗೆ ಎಲ್ಲಾ ಮುಗೀತು."

ಅವಳ ಮುಂದೆ ಅಗಲವಾದ ಬೋಗುಣಿಯಲ್ಲಿ ಹುಣಸೆಹುಳಿಯ ನೀರು. ಪಕ್ಕದಲ್ಲಿ ತೆಂಗಿನ ನಾರು, ಒಂದು ಹಿಡಿ ಬೂದಿ. ಹಗ್ಗದ ಮಂಚದ ಮೇಲೆ ಶ್ರೀಪತಿಯ ಬಿಳಿ ಧೋತರ ಹಾಸಿತ್ತು. ಅದರ ಉದ್ದಕ್ಕೂ ಸಾಲಾಗಿ ಇಟ್ಟ ಶಿವರಾಯಿಗಳು ಬಿಸಿಲಿಗೆ ಹೊಸ ತಾಮ್ರದ ತಂಬಿಗೆಯ ಹಾಗೆ ಕೆಂಪಗೆ ಹೊಳೆಯುತ್ತಿದ್ದವು.

ಬಾಪೂರಾವ್‌ಗೆ ಒಂದಾದರೂ ತೊಳೆಯದೆ ಉಳಿದಿರಬಹುದೆನಿಸಿತು. ಬಗ್ಗಿ ಬೋಗುಣಿಗೆ ಕೈ ಹಾಕಿದ. ತಳದಲ್ಲಿ ಇಪ್ಪತ್ತು ಮೂವತ್ತು ನಾಣ್ಯ ಸಿಕ್ಕವು. ಹಿಡಿ ತುಂಬ ಮೇಲೆತ್ತಿದ. ಎಲ್ಲವೂ ಆಗಲೇ ಕೆಂಪಾಗಿದ್ದವು.

"ಅಯ್ಯ, ಅಂಗಿ ತೋಳ ತೋಯ್ತಲ್ರಿ," ಎಂದಳು ಶೆವಂತಾ.

ಅವನು ಮಂಚದ ಹತ್ತಿರ ಹೋದ. ಶ್ರೀಪತಿಯ ಚಂದ್ರದ ನಾಣ್ಯ ಎಲ್ಲಿದೆಯೆಂದು ಹುಡುಕಿದ. 'ಶ್ರೀ ರಾಜಾ ಶಿವ' ಎಂಬ ಅಕ್ಷರಗಳ ಕೆಳಗೆ ಅಕ್ಕಿನುಚ್ಚಿನಷ್ಟು ಸಣ್ಣ ಚಂದ್ರ ಇದ್ದ ನಾಣ್ಯ ಅದು. ಅಂಥದ್ದು ಇನ್ನೊಂದನ್ನು ಗುಂಪಿನ ಯಾರೂ ಕಂಡಿರಲಿಲ್ಲ. ಕೃಷ್ಣೆಯ ಘಾಟಿನ ಮರಳಿನಲ್ಲಿ ಸಿಕ್ಕಾಗ ಶ್ರೀಪತಿ ಮೂರು ದಿನ ಅದನ್ನು ಬರೀ ನೀರಲ್ಲಿಟ್ಟು, ಮಣ್ಣನ್ನಷ್ಟೇ ಮುಳ್ಳಿನ ತುದಿಯಿಂದ ಬಿಡಿಸಿದ್ದ. ಮೇಲಿನ ಕಂದು ಬಣ್ಣ ಮುಟ್ಟಿರಲಿಲ್ಲ. "ಇದು ಹೊಲಸಲ್ಲೋ, ನಾಣ್ಯದ ತೊಗಲು. ಮುನ್ನೂರು ವರ್ಷ ಬೇಕು ಇದು ಬೆಳ್ಯಾಕ," ಎನ್ನುತ್ತಿದ್ದ. ಸಾಲಿನ ನಡುವೆ ಆ ನಾಣ್ಯ ಸಿಕ್ಕಿತು. ಅಕ್ಷರಗಳಿದ್ದವು. ಚಂದ್ರ ಇದ್ದ ಕಡೆ ಉಗುರು ಆಡಿಸಿದ, ನುಣ್ಣಗಿತ್ತು.

"ಯಾಕ ತೊಳದ್ರಿ, ವಹಿನಿ?"

"ಮತ್ತ? ಆ ಕರ್ರಗಿನ ರಾಶಿ ಫೋಟೋ ಹಾಕಿದ್ದು ನಂದ ತಪ್ಪು. ನೀವು ಅಳಿಸಿದಾಗ ತಿಳೀತು." ಅವಳು ಕೈಯಲ್ಲಿದ್ದ ನಾಣ್ಯವನ್ನು ನೀರಲ್ಲಿ ಜಾಲಿಸಿದಳು. "ನಾನೂರ ಮಂದಿ ಮುಂದ ಹಂಗ ಹೊಲಸ ಇಟ್ರ ಇವರ ಮರ್ಯಾದಿ ಏನ್ ಉಳೀತೈತಿ? ಅದಕ್ಕ ಭಾವೋಜಿ ತಗದಾರ ಅಂದ್ಕೊಂಡೆ. ಹದಿನಾಕ ದಿನ ಆತು, ದಿವಸಾ ಎಂಬತ್ತು ತಿಕ್ಕೀನಿ. ನೋಡ್ರಿ ಬೆರಳ."

ತೋರುಬೆರಳ ತುದಿ ಸುಲಿದು ಬಿಳಿಚಿತ್ತು.

"ಪುಣೆಯಿಂದ ನಾಡದು ವ್ಯಾಪಾರಿ ಬರ್ತಾನ. ನಮ್ಮ ಅಣ್ಣ ಗೊತ್ತ ಮಾಡ್ಯಾನ. ಹಿಟ್ಟಿನ ಗಿರಣಿಗೆ ಆಗೂವಷ್ಟು ಬಂದ್ರ ಸಾಕ್ರಿ. ಮುಂದಿನ ಕ್ವಾಣ್ಯಾಗ ಹಾಕ್ತೀನಿ, ಯಾರ ಮುಂದೂ ಕೈ ಒಡ್ಡೂದು ಬ್ಯಾಡ."

ಚೊಲೋ ಆಗ್ಯಾವ ಎಂಬ ಮಾತು ಬಾಪೂರಾವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎರಡು ದಿನದಲ್ಲಿ ಆ ವ್ಯಾಪಾರಿ ಬಂದು ಒಂದೇ ಒಂದು ನಾಣ್ಯ ಎತ್ತಿ ನೋಡಿ ನಗುತ್ತಾನೆ. ಅಪರಿಚಿತನ ನಗುವಿಗಿಂತ ತನ್ನ ಬಾಯಿಂದ ಬರುವುದೇ ಮೇಲು. ಅವನು ಅವಳೆದುರು ನೆಲದ ಮೇಲೆ ಕುಳಿತ.

"ವಹಿನಿ, ನಾಣ್ಯಕ್ಕ ಆ ಕರೇ ಬಣ್ಣದ್ದ ಬೆಲಿ. ತೊಳದ ಮ್ಯಾಲೆ ಅದು ಬರೇ ತಾಮ್ರ."

ಅವಳ ಕೈ ನೀರಲ್ಲಿ ನಿಂತಿತು. ಚೇಷ್ಟೆಯೇನೋ ಎಂದು ಅವನ ಮುಖ ನೋಡಿದಳು. ಅಲ್ಲವೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಎಲ್ಲಾವೂ?"

"ಎಲ್ಲಾವೂ."

"ಗಿರಣಿ?"

ಅವನು ಇಲ್ಲವೆಂದು ತಲೆಯಾಡಿಸಿದ.

ಶೆವಂತಾ ಧೋತರದ ಕಡೆ ತಿರುಗಿ, ಸಾಲುಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. "ಇವರು ಮುಟ್ಟಾಕ ಕೊಡತಿದ್ದಿಲ್ಲ," ಎಂದಳು. "ನಾ ಕೈ ಹಚ್ಚಿದ್ರ ಬೈತಿದ್ರು. ನಾ ಅಂದ್ಕೊಂಡೆ, ಎಣಿಕಿ ತಪ್ಪತೈತಿ ಅಂತ ಇರಬೇಕು." ಆಮೇಲೆ ಮೆಲ್ಲಗೆ ಕೇಳಿದಳು: "ನನ್ನ ಮಾತ ಅಲ್ಲೇ ಇದ್ದಿದ್ರ ಯಾರರೆ ಹೇಳತಿದ್ರೇನ್ರಿ?"

ಸುಳ್ಳು ಹೇಳಲು ಇದು ಎರಡನೆಯ ಅವಕಾಶ.

"ಐವತ್ತ ಮಂದಿ ಹೇಳತಿದ್ರು. ತೊಳೀಬ್ಯಾಡ್ರಿ ಅಂಬೂದ ಮೊದಲನೇ ಮಾತು. ಬೆಲಿ ಆಮ್ಯಾಲೆ. ನಾ ನಾಕು ನಿಮಿಷದಾಗ ಅಳಿಸಿದೆ. ಮರುದಿವಸ ಬಂದ ಹೇಳಬೇಕು ಅಂದ್ಕೊಂಡಿದ್ದೆ."

"ಬರಬೇಕಿತ್ರಿ," ಎಂದಳು ಶೆವಂತಾ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನನ್ನ ಹತ್ರ ಮುನ್ನೂರ ಅದಾವ, ವಹಿನಿ. ತೊಳೀಲಾರದವು. ಆ ವ್ಯಾಪಾರಿಗೆ ಅವನ್ನ ತೋರಸ್ರಿ. ನಾಳೆ ತಂದಿಡ್ತೀನಿ."

"ಅವು ನಿಮ್ಮವು."

"ಇನ್ನ ನನಗ ಅವನ್ನ ನೋಡಾಕ ಆಗೂದಿಲ್ಲ."

ಅವಳು ಬೋಗುಣಿಯ ಹುಳಿನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಒಳ್ಳೆಯ ನೀರು ತಂದು, ಉಳಿದ ನಾಣ್ಯಗಳನ್ನು ಜಾಲಿಸತೊಡಗಿದಳು. ಅರ್ಧಕ್ಕೆ ಬಿಡುವ ಹೆಂಗಸಲ್ಲ. ಬಾಪೂರಾವ್ ಹೆಗಲ ಮೇಲಿನ ವಸ್ತ್ರ ತೆಗೆದು, ಅವಳು ಕೊಟ್ಟ ಒಂದೊಂದನ್ನೂ ಎರಡೂ ಮಗ್ಗುಲು ಒರೆಸಿ, ಧೋತರದ ಮೇಲೆ ಕೊನೆಯ ಸಾಲಿನಲ್ಲಿ ಅಕ್ಷರ ಮೇಲೆ ಬರುವಂತೆ ಇಟ್ಟ.

ಗೋಡೆಯ ಮೇಲೊಂದು ಕಾಗೆ ಬಂದು ಕೂತಿತು. ಕತ್ತು ಓರೆ ಮಾಡಿ ಹೊಳಪನ್ನು ನೋಡಿತು. ಮಂಚದ ಅಂಚಿಗೆ ಇಳಿದು ಒಂದು ನಾಣ್ಯಕ್ಕೆ ಕೊಕ್ಕು ತಾಗಿಸಿತು; ಬಿಟ್ಟು, ಪಕ್ಕದ್ದಕ್ಕೆ ತಾಗಿಸಿತು. ಇಬ್ಬರೂ ಕೈಯಲ್ಲಿದ್ದುದನ್ನು ಹಿಡಿದುಕೊಂಡು ಹಾಗೇ ಕೂತರು. ಯಾರೂ ಅದನ್ನು ಓಡಿಸಲಿಲ್ಲ.